ಶಾಲು ತರುವ ಮುಂಚೆ: ಪಂಚಾಯ್ತಿಯಿಂದ ಸನ್ಮಾನ ಮಾಡುವುದು ಹೇಗೆ

ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜನವರಿ 26. ಇವುಗಳಲ್ಲಿ ಒಂದು ಹತ್ತಿರ ಬಂತು ಅಂದರೆ ನನಗೆ ಫೋನ್ ಬರಲು ಶುರುವಾಗುತ್ತದೆ. "ಅಕ್ಕಾ, ನಮ್ಮ ಪಂಚಾಯ್ತಿಯಿಂದ ಸನ್ಮಾನ ಇಟ್ಕೊಂಡಿದ್ದೀವಿ, ಹೆಂಗೆ ಮಾಡೋದು ಸ್ವಲ್ಪ ಹೇಳಿ." ನಾನು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿಯಲ್ಲಿ ಅಧ್ಯಕ್ಷೆ ಆಗಿದ್ದವಳು. ಈಗ ಅಧಿಕಾರ ಇಲ್ಲ. ತೆಂಗಿನ ತೋಟ ಇದೆ, ಮಧ್ಯಾಹ್ನ ಸ್ವಲ್ಪ ಪುರುಸೊತ್ತು ಇದೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಬರೆದೇ ಇಡೋಣ ಅಂತ ಕೂತಿದ್ದೇನೆ.

ಮೊದಲನೇ ಮಾತು ಕೆಲವರಿಗೆ ಹಿಡಿಸುವುದಿಲ್ಲ. ಊರಿಗೆ ನೀರು ಬಿಡುವ ನೀರುಗಂಟಿಗೋ, ಸ್ವಚ್ಛತೆ ಕೆಲಸದವರಿಗೋ, ಕಸ ಒಯ್ಯುವ ಸ್ವಚ್ಛ ವಾಹಿನಿ ಗಾಡಿ ಓಡಿಸುವ ಹೆಣ್ಣುಮಗಳಿಗೋ ಸನ್ಮಾನ ಮಾಡಬೇಕು ಅಂದುಕೊಂಡಿದ್ದೀರಾ? ಅವರ ಸಂಬಳ ಯಾವ ತಿಂಗಳವರೆಗೆ ಆಗಿದೆ ಅಂತ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ. ಬಾಕಿ ಇದ್ದರೆ ಅದನ್ನು ಮೊದಲು ಕೊಡಿಸಿ. ಶಾಲು ಆಮೇಲೆ. ಒಂದು ಕಡೆ ಅತಿಥಿಯಾಗಿ ಹೋಗಿದ್ದೆ. ನಾನು ಶಾಲು ಹೊದಿಸುತ್ತಿದ್ದಾಗ ಆಯಮ್ಮ ಫೋಟೋಗೆ ನಗುತ್ತಲೇ ಮೆಲ್ಲಗೆ ಅಂದರು: "ಮೇಡಂ, ಸಂಬಳ ಆಗಿಲ್ಲ, ಸ್ವಲ್ಪ ಹೇಳಿ." ಆ ಫೋಟೋ ಇವತ್ತಿಗೂ ಆ ಕಚೇರಿ ಗೋಡೆ ಮೇಲಿದೆ. ಬಾಕಿ ಇಟ್ಟುಕೊಂಡು ಹಾರ ಹಾಕಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಗೊತ್ತಾಗದವರು ವೇದಿಕೆ ಮೇಲೆ ಕೂತವರು ಮಾತ್ರ.

ಯಾರನ್ನು ಆರಿಸುವುದು

ಸದಸ್ಯರ ಕೈಗೆ ಬಿಟ್ಟರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಪ್ರತಿಯೊಬ್ಬರೂ ತಮ್ಮ ವಾರ್ಡಿನಿಂದ ಒಂದು ಹೆಸರು ತರುತ್ತಾರೆ. ನಾಲ್ಕು ಇದ್ದದ್ದು ಹದಿನೆಂಟಾಗುತ್ತದೆ. ಹದಿನೆಂಟು ಜನರನ್ನು ಸಾಲಾಗಿ ನಿಲ್ಲಿಸಿ ಶಾಲು ಹೊದಿಸಿದರೆ ಅದು ಸನ್ಮಾನ ಅಲ್ಲ, ರೇಷನ್ ಹಂಚಿದ ಹಾಗೆ. ನನ್ನ ಲೆಕ್ಕದಲ್ಲಿ ಒಂದು ಕಾರ್ಯಕ್ರಮಕ್ಕೆ ಐದು ಜನ ಸಾಕು. ಅದಕ್ಕಿಂತ ಜಾಸ್ತಿ ಬೇಡ.

ಹೆಸರು ಕೇಳಲು ಒಳ್ಳೆ ಜಾಗ ವಾರ್ಡ್ ಸಭೆ, ಗ್ರಾಮ ಸಭೆ. ವರ್ಷಕ್ಕೆ ಕಡಿಮೆಯೆಂದರೂ ಎರಡು ಗ್ರಾಮ ಸಭೆ ಮಾಡಲೇಬೇಕಲ್ಲ, ಅಲ್ಲೇ ಒಂದು ವಿಷಯವಾಗಿ ಇಡಿ. "ಯಾರು ದೊಡ್ಡವರು" ಅಂತ ಕೇಳಬೇಡಿ. ಹಾಗೆ ಕೇಳಿದರೆ ದೇವಸ್ಥಾನಕ್ಕೆ ಗೇಟು ಕೊಡಿಸಿದವರ ಹೆಸರೇ ಬರುತ್ತದೆ. "ಯಾರು ಒಂದು ವಾರ ಊರಲ್ಲಿ ಇಲ್ಲದಿದ್ದರೆ ನಿಮಗೆ ತೊಂದರೆ ಆಗುತ್ತದೆ" ಅಂತ ಕೇಳಿ. ಆಗ ಆಶಾ ಕಾರ್ಯಕರ್ತೆ ಹೆಸರು ಬರುತ್ತದೆ. ಪಂಚಾಯ್ತಿ ಗ್ರಂಥಾಲಯ, ಅಂದರೆ ಅರಿವು ಕೇಂದ್ರದಲ್ಲಿ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಓದಿಸುವವರ ಹೆಸರು ಬರುತ್ತದೆ. ಸ್ಮಶಾನಕ್ಕೆ ಗುಂಡಿ ತೋಡುವವರ ಹೆಸರನ್ನು ಹೆಣ್ಣುಮಕ್ಕಳೇ ಹೇಳಿದ್ದನ್ನು ನಾನು ಕೇಳಿದ್ದೇನೆ.

ಹೆಸರು ಗೊತ್ತಾದ ಮೇಲೆ ಅವರನ್ನೇ ಹೋಗಿ ಕೇಳಿ. ಎಲ್ಲರಿಗೂ ವೇದಿಕೆ ಇಷ್ಟ ಅಂತ ಅಂದುಕೊಳ್ಳಬೇಡಿ. ಬೇಡ ಅಂದರೆ ಒತ್ತಾಯ ಮಾಡಬೇಡಿ. ಹಾಗೆಯೇ ಇನಿಷಿಯಲ್ ಏನು, ಹೆಸರು ಹೇಗೆ ಬರೆಯಬೇಕು ಅಂತ ಒಂದು ಚೀಟಿಯಲ್ಲಿ ಅವರ ಮನೆಯವರ ಕೈಯಲ್ಲೇ ಬರೆಸಿಕೊಳ್ಳಿ. ಫಲಕದ ಮೇಲೆ ಹೆಸರು ತಪ್ಪಾದರೆ ಅದನ್ನು ಅವರು ಮನೆಯಲ್ಲಿ ಹಾಕುವುದಿಲ್ಲ.

ನಡಾವಳಿ ಮತ್ತು ದುಡ್ಡು

ಸಾಮಾನ್ಯ ಸಭೆಯಲ್ಲಿ ವಿಷಯ ಮಂಡಿಸಿ, ಒಪ್ಪಿಗೆ ಪಡೆದು, ನಡಾವಳಿ ಪುಸ್ತಕದಲ್ಲಿ ಬರೆಸಿ. ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ, ಎಷ್ಟು ಖರ್ಚು, ಯಾವ ಲೆಕ್ಕದಿಂದ. ಇಷ್ಟೂ ಇರಬೇಕು. ನಡಾವಳಿ ಇಲ್ಲದೆ ಮಾಡಿದರೆ ಅದು ಅಧ್ಯಕ್ಷರ ಮನೆ ಕಾರ್ಯಕ್ರಮ ಆಗುತ್ತದೆ, ಪಂಚಾಯ್ತಿಯದ್ದಲ್ಲ. ಆಡಿಟ್‌ನಲ್ಲಿ ಆಕ್ಷೇಪಣೆ ಬಂದಾಗ ಅಧ್ಯಕ್ಷರೂ ಪಿಡಿಒ ಅವರೂ ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತದೆ.

ದುಡ್ಡಿನ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಹಣಕಾಸು ಆಯೋಗದ ಅನುದಾನವನ್ನು ಇದಕ್ಕೆ ಮುಟ್ಟಬೇಡಿ. 15ನೇ ಹಣಕಾಸು ಆಯೋಗದ ಮಾರ್ಗಸೂಚಿಯಲ್ಲಿ ಸನ್ಮಾನ, ಸಾಂಸ್ಕೃತಿಕ ಕಾರ್ಯಕ್ರಮ, ಅಲಂಕಾರ, ಉದ್ಘಾಟನೆ ಇವಕ್ಕೆ ಖರ್ಚು ಮಾಡಬಾರದು ಅಂತ ಹೆಸರಿಟ್ಟೇ ಹೇಳಿದ್ದಾರೆ. ಮನೆ ಕಂದಾಯ, ಅಂಗಡಿ ಬಾಡಿಗೆ ಇಂಥದ್ದರಿಂದ ಬರುವ ಸ್ವಂತ ಸಂಪನ್ಮೂಲದಿಂದಲೇ ಮಾಡಬೇಕು. ಅದು ಕಮ್ಮಿ ಇದ್ದರೆ ಕಾರ್ಯಕ್ರಮವೂ ಚಿಕ್ಕದಿರಲಿ. ಗುತ್ತಿಗೆದಾರರ ಹತ್ತಿರ ಶಾಮಿಯಾನ, ಊಟ ಅಂತ ಕೇಳಬೇಡಿ. ಇವತ್ತು ಶಾಮಿಯಾನ ಹಾಕಿಸಿದವರು ನಾಳೆ ಚರಂಡಿ ಬಿಲ್ ಹಿಡಿದುಕೊಂಡು ಬರುತ್ತಾರೆ.

ಎಲೆಕ್ಷನ್ ನೀತಿ ಸಂಹಿತೆ ಜಾರಿಯಲ್ಲಿದೆಯಾ ಅಂತಲೂ ನೋಡಿಕೊಳ್ಳಿ. ಇದ್ದರೆ ಮುಂದಕ್ಕೆ ಹಾಕಿ.

ಬಿರುದು ಕೊಡುವ ಆಸೆ ಕೆಲವರಿಗೆ ಇರುತ್ತದೆ. ಗ್ರಾಮ ರತ್ನ, ಸೇವಾ ಭೂಷಣ ಅಂತೆಲ್ಲ. ಸಂವಿಧಾನದ 18ನೇ ವಿಧಿ ಸರ್ಕಾರ ಬಿರುದು ಕೊಡಬಾರದು ಅನ್ನುತ್ತದೆ. ಪದ್ಮ ಪ್ರಶಸ್ತಿಗಳನ್ನೂ ಹೆಸರಿನ ಹಿಂದೆ ಮುಂದೆ ಬಿರುದಿನಂತೆ ಹಾಕಿಕೊಳ್ಳುವ ಹಾಗಿಲ್ಲ ಅಂತ 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪದ್ಮಕ್ಕೇ ಇಲ್ಲದ್ದು ನಮ್ಮ ಪಂಚಾಯ್ತಿಗೆ ಯಾಕೆ? ಸುಮ್ನೆ "ಗ್ರಾಮ ಪಂಚಾಯ್ತಿಯ ಗೌರವ" ಅಂತ ಬರೆಸಿ.

ಅಭಿನಂದನಾ ಪತ್ರ

ಇಡೀ ಕಾರ್ಯಕ್ರಮದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಕೆಲಸ ಇದು. ಎಲ್ಲರೂ ಕೊನೆಗೆ ಬಿಡುವುದೂ ಇದನ್ನೇ. ಹಿಂದಿನ ದಿನ ಸಂಜೆ ಡಿಟಿಪಿ ಅಂಗಡಿಗೆ ಹೋಗಿ "ಒಂದು ಒಳ್ಳೆದು ಹಾಕಿಕೊಡಪ್ಪ" ಅನ್ನುತ್ತಾರೆ. ಅವನು ಕಂಪ್ಯೂಟರಿನಲ್ಲಿ ಇರುವ ಹಳೇ ಪತ್ರ ತೆಗೆದು ಹೆಸರು ಬದಲಾಯಿಸಿ ಕೊಡುತ್ತಾನೆ. "ಸಮಾಜಮುಖಿ ಚಿಂತಕರೂ, ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳೂ, ನಿಸ್ವಾರ್ಥ ಸೇವೆಯ ಹರಿಕಾರರೂ ಆದ..." ಇದು ನೀರುಗಂಟಿಗೂ ಸರಿ, ರಿಟೈರ್ಡ್ ಮೇಷ್ಟ್ರಿಗೂ ಸರಿ, ಶಾಸಕರಿಗೂ ಸರಿ. ಅಂದಮೇಲೆ ಯಾರಿಗೂ ಸರಿಯಲ್ಲ.

ನಮ್ಮ ಪಂಚಾಯ್ತಿಯ ನೀರುಗಂಟಿಯೊಬ್ಬರಿಗೆ ನಾವು ಓದಿಸಿದ್ದು ಹೀಗಿತ್ತು:

"ಬೇಸಿಗೆಯಲ್ಲಿ ತ್ರೀ ಫೇಸ್ ಕರೆಂಟು ರಾತ್ರಿ ಹೊತ್ತು ಬರುತ್ತಿದ್ದಾಗ ತಾವು ನಡುರಾತ್ರಿ ಎದ್ದು ಟಾರ್ಚ್ ಹಿಡಿದು ಬೋರ್‌ವೆಲ್ ಹತ್ತಿರ ಹೋಗಿ ಮೋಟಾರ್ ಹಾಕುತ್ತಿದ್ದಿರಿ. ಟ್ಯಾಂಕ್ ತುಂಬುವ ತನಕ ಅಲ್ಲೇ ಕೂತಿರುತ್ತಿದ್ದಿರಿ. ಕಾಲೋನಿಯ ಕೊನೆ ಮನೆಗಳಿಗೆ ನೀರು ಹತ್ತುವುದಿಲ್ಲ ಅಂತ ಆ ಕಡೆ ವಾಲ್ವ್ ಮೊದಲು ಬಿಟ್ಟು, ಊರಿನ ಕಡೆ ಆಮೇಲೆ ಬಿಟ್ಟಿರಿ. ಅದಕ್ಕೆ ಬೈದವರೂ ಇದ್ದರು. ತಾವು ಬದಲಾಯಿಸಲಿಲ್ಲ."

ಇಷ್ಟೇ. ಇದನ್ನು ಓದುವಾಗ ಹಿಂದಿನ ಸಾಲಿನಲ್ಲಿ ಬೈದವರೂ ಕೂತಿದ್ದರು, ಚಪ್ಪಾಳೆ ಹೊಡೆದರು.

ಹಾಗಾಗಿ ಪತ್ರ ಬರೆಯುವವರು ಆ ಮನುಷ್ಯನ ಜೊತೆ ಒಂದು ಅರ್ಧ ದಿನ ತಿರುಗಾಡಲಿ. ಎಷ್ಟು ವರ್ಷ, ಎಲ್ಲಿಂದ ಎಲ್ಲಿಗೆ, ಎಷ್ಟು ಮನೆ, ಯಾವ ಬರಗಾಲ, ಯಾವ ಕೆರೆ. ಲೆಕ್ಕ ಇದ್ದರೆ ಲೆಕ್ಕ ಹಾಕಿ. ನಮ್ಮ ಗುಬ್ಬಿ ತಾಲ್ಲೂಕಿನಲ್ಲೇ ಹುಟ್ಟಿದ ಸಾಲುಮರದ ತಿಮ್ಮಕ್ಕನನ್ನೇ ನೋಡಿ. "ಪರಿಸರ ಪ್ರೇಮಿ" ಅಂದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ಹುಲಿಕಲ್‌ನಿಂದ ಕುದೂರಿನ ಕಡೆಗೆ ರಸ್ತೆ ಬದಿ 385 ಆಲದ ಗಿಡ, ಗಂಡ ಹೆಂಡತಿ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ್ದು ಅಂದರೆ ಇಸ್ಕೂಲ್ ಮಕ್ಕಳಿಗೂ ಗೊತ್ತು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಪತ್ರ ಒಂದು ಪುಟ ದಾಟಬಾರದು. ಓದುವವರು ನಿರೂಪಕರಲ್ಲ, ಅವರ ಕೆಲಸವನ್ನು ಕಣ್ಣಾರೆ ಕಂಡ ಯಾರಾದರೂ ಓದಲಿ. ಅಂಗನವಾಡಿ ಟೀಚರ್ ಆದರೂ ಆಯ್ತು.

ಸಾಮಾನು

2021ರ ಆಗಸ್ಟ್‌ನಲ್ಲಿ ಸರ್ಕಾರದಿಂದ ಸುತ್ತೋಲೆ ಬಂತು. ಸರ್ಕಾರಿ ಸಮಾರಂಭದಲ್ಲಿ ಹಾರ ತುರಾಯಿ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಬೇಡ, ಕೊಡಲೇಬೇಕು ಅಂದರೆ ಕನ್ನಡ ಪುಸ್ತಕ ಕೊಡಿ ಅಂತ. ಬಂದ ಅತಿಥಿಗಳ ಮಟ್ಟಿಗಂತೂ ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಖರ್ಚು ಅರ್ಧ ಇಳಿಯುತ್ತದೆ. ಶಾಸಕರಿಗೆ, ತಾಲ್ಲೂಕು ಪಂಚಾಯ್ತಿ ಇಒ ಅವರಿಗೆ, ತಹಶೀಲ್ದಾರರಿಗೆ ಒಂದೊಂದು ಪುಸ್ತಕ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಅವರ ಮನೆಯಲ್ಲಿ ಶಾಲು ಬೀರು ತುಂಬ ಇದೆ.

ಸನ್ಮಾನ ಆಗುವವರಿಗೆ ಏನು ಕೊಡುವುದು? ದೊಡ್ಡ ಗಾಜಿನ ಫಲಕ ಬೇಡ. ಚಿಕ್ಕ ಮನೆಯಲ್ಲಿ ಇಡಲು ಜಾಗ ಇರುವುದಿಲ್ಲ. ಅಭಿನಂದನಾ ಪತ್ರಕ್ಕೇ ಕಟ್ಟು ಹಾಕಿಸಿ ಕೊಡಿ, ಗೋಡೆಗೆ ಹಾಕುತ್ತಾರೆ. ಜೊತೆಗೆ ಕೆಲಸಕ್ಕೆ ಬರುವ ಒಂದು ವಸ್ತು ಇರಲಿ. ನೀರುಗಂಟಿಗೆ ಒಳ್ಳೆ ಚಾರ್ಜಬಲ್ ಟಾರ್ಚ್, ಆಶಾಗೆ ಗಟ್ಟಿ ಬ್ಯಾಗು, ಛತ್ರಿ. ಮೈಸೂರು ಪೇಟ ಬೇಕೇ ಬೇಕು ಅಂದರೆ ತಲೆ ಅಳತೆ ನೋಡಿ ತನ್ನಿ. ಪೇಟ ಕಣ್ಣಿನವರೆಗೆ ಇಳಿದರೆ ಮಕ್ಕಳು ನಗುತ್ತಾರೆ, ಆ ಮನುಷ್ಯ ಕುಗ್ಗಿಹೋಗುತ್ತಾನೆ. ಬ್ಯಾನರ್ ಬಟ್ಟೆಯದ್ದೇ ಆಗಲಿ. ಫ್ಲೆಕ್ಸ್ 2016ರಿಂದಲೂ ನಿಷೇಧ, ಪಂಚಾಯ್ತಿಯೇ ಅದನ್ನು ಕಟ್ಟಿದರೆ ಇನ್ನು ಯಾರಿಗೆ ದಂಡ ಹಾಕುತ್ತೀರಿ?

ವೇದಿಕೆ ಮೇಲೆ

ಸನ್ಮಾನ ಮೊದಲು, ಭಾಷಣ ಆಮೇಲೆ. ಇದನ್ನು ಆಮಂತ್ರಣದಲ್ಲೇ ಹಾಗೆ ಅಚ್ಚು ಹಾಕಿಸಿ, ಇಲ್ಲದಿದ್ದರೆ ಉಳಿಯುವುದಿಲ್ಲ. ಅತಿಥಿಗಳು ತಡವಾದರೆ ಇರುವವರ ಕೈಯಲ್ಲೇ ಮಾಡಿ ಮುಗಿಸಿ. ಎಪ್ಪತ್ತು ದಾಟಿದ ಸೂಲಗಿತ್ತಿ ಅಜ್ಜಿಯನ್ನು ಹತ್ತು ಗಂಟೆಗೆ ಕೂರಿಸಿ ಎರಡು ಗಂಟೆಗೆ ಶಾಲು ಹೊದಿಸುವುದು ಗೌರವ ಅಲ್ಲ. ಅಜ್ಜಿಗೆ ಶೌಚಾಲಯ ಎಲ್ಲಿ ಅಂತ ತೋರಿಸಲು ಒಬ್ಬ ಹುಡುಗಿಯನ್ನು ಜೊತೆಗೆ ಬಿಡಿ. ಊರಿನಿಂದ ಕರೆತರಲು, ವಾಪಸ್ ಬಿಡಲು ಗಾಡಿ ನೋಡಿ. ಹೋಗುವಾಗ ಕಾರು, ಬರುವಾಗ ಬಸ್ ಸ್ಟಾಪ್ ಆಗಬಾರದು.

ಕುರ್ಚಿ ಎಲ್ಲರಿಗೂ ಒಂದೇ ಥರ. ಅತಿಥಿಗೆ ಸೋಫಾ, ಸನ್ಮಾನಿತರಿಗೆ ಪ್ಲಾಸ್ಟಿಕ್ ಚೇರ್ ಇದ್ದರೆ ಜನ ಅದನ್ನೇ ಮಾತಾಡುತ್ತಾರೆ. ಇನ್ನೊಂದು ಸಂಗತಿ ಇದೆ, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಸ್ವಚ್ಛತೆ ಕೆಲಸದವರ ಸರದಿ ಬಂದಾಗ ಕೆಲವರು ಶಾಲನ್ನು ಹೊದಿಸದೆ ಕೈಗೆ ಕೊಟ್ಟು ಪಕ್ಕಕ್ಕೆ ಸರಿಯುತ್ತಾರೆ. ಯಾಕೆ ಅಂತ ನೋಡಿದ ಎಲ್ಲರಿಗೂ ಅರ್ಥವಾಗುತ್ತದೆ. ಅಂಥವರು ಯಾರು ಅಂತ ನಿಮಗೆ ಮೊದಲೇ ಗೊತ್ತಿರುತ್ತದಲ್ವಾ? ಅವರ ಕೈಗೆ ಶಾಲು ಕೊಡಲೇಬೇಡಿ. ಅರಿಶಿನ ಕುಂಕುಮವೂ ಹಾಗೆಯೇ. ಗಂಡ ತೀರಿಹೋದವರನ್ನು ಬಿಟ್ಟು ಪಕ್ಕದವರಿಗೆ ತಟ್ಟೆ ಹಿಡಿಯುವುದಾದರೆ ಆ ತಟ್ಟೆಯನ್ನು ವೇದಿಕೆಗೇ ತರಬೇಡಿ.

ಸಂಘಗಳಿಗೆ

ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟ, ಹಾಲಿನ ಡೈರಿ, ಯುವಕ ಸಂಘ, ಕೆರೆ ಹೂಳೆತ್ತಿಸಿದ ಗುಂಪು. ಇಲ್ಲಿ ಅಧ್ಯಕ್ಷರೊಬ್ಬರಿಗೆ ಹಾರ ಹಾಕಿ ಮುಗಿಸುವುದು ರೂಢಿ. ಮಿಕ್ಕವರು ಕೆಳಗೆ ಕೂತು ನೋಡಬೇಕು. ಅದರ ಬದಲು ಎಲ್ಲರ ಹೆಸರನ್ನೂ ಓದಿ, ಎಲ್ಲರನ್ನೂ ಮೇಲೆ ಕರೆದು ಒಂದು ಫೋಟೋ ತೆಗೆಸಿ, ಪತ್ರ ಒಂದೇ ಕೊಡಿ, ಸಂಘದ ಹೆಸರಿಗೆ. ಯಾರ ಮನೆಗೂ ಹೋಗದೆ ಸಂಘದ ಕೊಠಡಿಗೆ ಹೋಗಲಿ. ಸಂಘ ನೋಂದಣಿ ಆಗಿಲ್ಲ ಅಂತ ಕೆಲವರು ತಕರಾರು ತೆಗೆಯುತ್ತಾರೆ. ಅನುದಾನ ಕೊಡುವಾಗ ನೋಂದಣಿ ಕೇಳಿ, ಚಪ್ಪಾಳೆಗೆ ಯಾಕೆ?

ಪಂಚಾಯ್ತಿಗೇ ರಾಜ್ಯ ಸರ್ಕಾರದ ಗಾಂಧಿ ಗ್ರಾಮ ಪುರಸ್ಕಾರ ಬಂದರೂ ಇದೇ ಮಾತು. ತಾಲ್ಲೂಕಿಗೆ ಒಂದು ಪಂಚಾಯ್ತಿಗೆ ಸಿಗುವುದು, ಅದು ಅಧ್ಯಕ್ಷರ ಫೋಟೋಗೆ ಸೀಮಿತ ಆಗಬಾರದು. ಬಿಲ್ ಕಲೆಕ್ಟರ್, ನೀರುಗಂಟಿ ಎಲ್ಲರೂ ಫೋಟೋದಲ್ಲಿ ಇರಲಿ. ಪಟ್ಟಣ ಪಂಚಾಯ್ತಿ, ಪುರಸಭೆ ಇರುವ ಊರಿನವರು ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನವನ್ನು ಬಳಸಿಕೊಳ್ಳಿ. ಆ ದಿನ ಊರಿನ ಗಮನ ಅವರ ಮೇಲೇ ಇರುತ್ತದೆ.

ಮೇಲಕ್ಕೆ ಕಳಿಸುವುದು

ನಿಮ್ಮ ಊರಿನ ಒಂದು ಹೆಸರು ತಾಲ್ಲೂಕಿಗೋ ಜಿಲ್ಲೆಗೋ ಹೋಗಬೇಕು ಅನ್ನಿಸಿದರೆ ನವೆಂಬರ್‌ವರೆಗೆ ಕಾಯಬೇಡಿ. ತಾಲ್ಲೂಕು ಮಟ್ಟದ ರಾಜ್ಯೋತ್ಸವ ಸನ್ಮಾನವನ್ನು ತಹಶೀಲ್ದಾರರ ಅಧ್ಯಕ್ಷತೆಯ ರಾಷ್ಟ್ರೀಯ ಹಬ್ಬಗಳ ಆಚರಣಾ ಸಮಿತಿ ನೋಡಿಕೊಳ್ಳುತ್ತದೆ. ಪೂರ್ವಭಾವಿ ಸಭೆ ಕರೆದಾಗ ಹೋಗಿ ಕೂರಿ. ಸಂಘದವರು ಹೋಗುತ್ತಾರೆ, ಪಂಚಾಯ್ತಿಯವರೇ ಹೋಗುವುದಿಲ್ಲ. ಜಿಲ್ಲಾ ಮಟ್ಟಕ್ಕೆ ತುಮಕೂರಿನ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ರಾಜ್ಯೋತ್ಸವದ ರಾಜ್ಯ ಪ್ರಶಸ್ತಿಗೆ ಸಾಮಾನ್ಯವಾಗಿ 60 ದಾಟಿದವರನ್ನೇ ನೋಡುತ್ತಾರೆ, ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಸಾರ್ವಜನಿಕರೇ ಹೆಸರು ಸೂಚಿಸುವ ವ್ಯವಸ್ಥೆ ಇತ್ತು, ಈಗ ಹೇಗೆ ಅಂತ ಅಲ್ಲೇ ಕೇಳಿಕೊಳ್ಳಿ.

ಪದ್ಮ ಪ್ರಶಸ್ತಿ ನಮಗೆಲ್ಲಿ ಅನ್ನಬೇಡಿ. ಅದಕ್ಕೂ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹೆಸರು ಕಳಿಸಬಹುದು, 800 ಪದದ ಒಳಗೆ ಅವರ ಕೆಲಸ ಬರೆಯಬೇಕು ಅಷ್ಟೇ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆ ಬಾರಿಸಿದ್ದಕ್ಕೆ.

ಈ ಅರ್ಜಿಗಳಿಗೆಲ್ಲ ಬೇಕಾಗುವುದು ಹೆಚ್ಚುಕಮ್ಮಿ ಒಂದೇ: ಮಾಡಿದ ಕೆಲಸದ ವಿವರ, ಪೇಪರ್ ಕಟಿಂಗ್, ಫೋಟೋ, ಯಾವುದಾದರೂ ಸಂಸ್ಥೆ ಗುರುತಿಸಿದ ದಾಖಲೆ. ಪಂಚಾಯ್ತಿ ನಡಾವಳಿಯ ಪ್ರತಿ ಮತ್ತು ಅಭಿನಂದನಾ ಪತ್ರ ಆಗ ಕೈಗೆ ಬರುತ್ತವೆ. ಕಾರ್ಯಕ್ರಮ ಮುಗಿದ ವಾರದಲ್ಲೇ ಎರಡನ್ನೂ ಜೆರಾಕ್ಸ್ ಮಾಡಿಸಿ, ಪಿಡಿಒ ಸಹಿ, ಸೀಲು ಹಾಕಿಸಿ ಸನ್ಮಾನಿತರ ಮನೆಗೆ ಒಂದು ಸೆಟ್ ಕೊಡಿ, ಕಚೇರಿ ಕಡತದಲ್ಲಿ ಒಂದು ಸೆಟ್ ಇಡಿ. ತಾಲ್ಲೂಕು ಕಚೇರಿಗೆ ಕೊಡುವಾಗ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ. ಟಪಾಲಿನವರು ಊಟಕ್ಕೆ ಹೋಗಿದ್ದಾರೆ ಅಂದರೆ ಕೂತು ಕಾಯಿರಿ.