ತಿಥಿ ನೋಡಿ ಬರೆದ ಲೆಕ್ಕ: ಅಘನಾಶಿನಿ ಅಳಿವೆಯಲ್ಲಿ ನನ್ನ ಅನುಭವ

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಚಿಪ್ಪಿಕಲ್ಲು (ತಿನ್ನುವ ಚಿಪ್ಪುಜೀವಿ) ಹೆಕ್ಕುವ ಮಹಿಳೆಯರ ವಾರ್ಷಿಕ ಗಳಿಕೆಯನ್ನು ಅಂದಾಜಿಸಲು ನಾನು ಸಿದ್ಧಪಡಿಸಿದ ಮೊದಲ ಪ್ರಶ್ನಾವಳಿಯಲ್ಲಿ, ವಾರಕ್ಕೆ ಎಷ್ಟು ದಿನ ಹೊಳೆಗೆ ಇಳಿಯುತ್ತೀರಿ ಎಂಬ ಪ್ರಶ್ನೆಯಿತ್ತು. ಕೇಳಿದವರೆಲ್ಲ ಏನಾದರೊಂದು ಸಂಖ್ಯೆ ಹೇಳಿದರು, ನಾನೂ ಬರೆದುಕೊಂಡೆ. ಮೂರನೆಯ ಊರಿನಲ್ಲಿ ಒಬ್ಬ ಹಿರಿಯ ಮಹಿಳೆ ಮಾತ್ರ, "ವಾರದ ಲೆಕ್ಕ ಹೊಳೆಗಿಲ್ಲ ತಮ್ಮಾ, ಅಮಾಸೆ ಹುಣ್ಣಿಮೆ ಲೆಕ್ಕ ಕೇಳು" ಎಂದರು. ಅಲ್ಲಿಯವರೆಗೆ ಬರೆದ ಹಾಳೆಗಳನ್ನು ನಾನು ಬದಿಗಿಡಬೇಕಾಯಿತು.

ಅವರು ಹೇಳಿದ್ದರಲ್ಲಿ ಇಡೀ ಅಳಿವೆಯ ನಡೆಯೇ ಅಡಗಿತ್ತು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಬಲವಾಗಿದ್ದು, ಮರಳುದಿಬ್ಬಗಳು ದೂರದವರೆಗೆ ತೆರೆದುಕೊಳ್ಳುತ್ತವೆ. ಅಷ್ಟಮಿಯ ಹೊತ್ತಿಗೆ ನೀರು ಅಷ್ಟು ಇಳಿಯುವುದಿಲ್ಲವಾದ್ದರಿಂದ ಆ ದಿನಗಳಲ್ಲಿ ಕೆಲಸ ಮಾಡುವವರು ಕಡಿಮೆ. ಇಳಿತದ ಗಳಿಗೆಯೂ ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಹೋಗುತ್ತದೆ. ಮಳೆಗಾಲದಲ್ಲಿ ಘಟ್ಟದಿಂದ ಸಿಹಿನೀರು ನುಗ್ಗಿದಾಗ ಉಪ್ಪಿನ ಅಂಶ ಕುಸಿದು, ಚಿಪ್ಪಿಕಲ್ಲಿನ ಕೆಲಸ ಬಹುಮಟ್ಟಿಗೆ ನಿಲ್ಲುತ್ತದೆ. ಹೀಗಿರುವಾಗ ಒಂದು ವಾರದ ಗಳಿಕೆಯನ್ನು 52ರಿಂದ ಗುಣಿಸಿ ವರ್ಷದ ಮೊತ್ತವೆಂದರೆ ಅದು ಲೆಕ್ಕವೇ ಅಲ್ಲ. ಎರಡನೆಯ ಸುತ್ತಿನಲ್ಲಿ ನಾನು ಪಂಚಾಂಗವನ್ನು ಎದುರಿಗಿಟ್ಟುಕೊಂಡು, ಪ್ರತಿ ತಿಂಗಳೂ ಚಂದ್ರನ ನಾಲ್ಕು ಘಟ್ಟಗಳಲ್ಲಿ ದಂಡೆಯಲ್ಲಿ ನಿಂತು ಬುಟ್ಟಿಗಳನ್ನು ತೂಗಿದೆ.

ಈ ಕೆಲಸ ಬೇಕಾದದ್ದು ಏಕೆಂದು ಹೇಳಬೇಕು. ಶಿರಸಿ ತಾಲ್ಲೂಕಿನಲ್ಲಿ ಹುಟ್ಟಿ, ದೊಡ್ಡ ಅಣೆಕಟ್ಟುಗಳಿಲ್ಲದೆ ಸಮುದ್ರ ಸೇರುವ ಈ ನದಿಯ ಮುಖಜ ಪ್ರದೇಶಕ್ಕೆ ತದಡಿಯ ಉಷ್ಣ ವಿದ್ಯುತ್ ಸ್ಥಾವರ, ಬಂದರು ಮುಂತಾದ ಪ್ರಸ್ತಾವಗಳು ಒಂದರ ಹಿಂದೊಂದು ಬಂದವು. ಇಂಥ ಯೋಜನೆಗಳ ಕಡತದಲ್ಲಿ ಹೂಡಿಕೆ, ಉದ್ಯೋಗ, ಆದಾಯ ಎಲ್ಲವೂ ಅಂಕಿಗಳಲ್ಲಿ ಇರುತ್ತವೆ. ಅಳಿವೆಯ ಕಡೆಯ ಅಂಕಣ ಖಾಲಿ ಇದ್ದರೆ, ಓದುವವರು ಅದನ್ನು ಸೊನ್ನೆಯೆಂದೇ ಓದುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ, ಇಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿಕಲ್ಲು ಸಿಗುತ್ತದೆ, ಅದರ ಬೆಲೆ 5.78 ಕೋಟಿ ರೂಪಾಯಿ, ಅದರಿಂದ ಸುಮಾರು 2,300 ಜನರಿಗೆ ನೇರ ಉದ್ಯೋಗವಿದೆ ಎಂದು ಅಂದಾಜಿಸಿದ್ದರು. ಆ ಖಾಲಿ ಅಂಕಣದಲ್ಲಿ ಬರೆಯಲು ಒಂದು ಸಂಖ್ಯೆ ದೊರೆತದ್ದೇ ದೊಡ್ಡ ಸಂಗತಿ. ನನ್ನ ಕೆಲಸ ಅದರ ಪಕ್ಕದ ಕೆಲವು ಸಾಲುಗಳನ್ನು ತುಂಬುವುದಾಗಿತ್ತು.

ಅಳಿವೆಗೆ ಬೆಲೆ ಕಟ್ಟುವಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೂಲಿಯ ಪ್ರಶ್ನೆ. ಅರ್ಥಶಾಸ್ತ್ರದ ಪಠ್ಯದ ಪ್ರಕಾರ ಮಾರುಕಟ್ಟೆಯ ಬೆಲೆಯಿಂದ ಶ್ರಮದ ವೆಚ್ಚವನ್ನು ಕಳೆದು ಉಳಿದದ್ದು ಮಾತ್ರ ಪ್ರಕೃತಿಯ ಕೊಡುಗೆ. ಆದರೆ ಹೆಕ್ಕುವವಳ ಪ್ರತಿ ಗಂಟೆಗೂ ಪೂರ್ಣ ದಿನಗೂಲಿಯ ದರ ಹಾಕಿದರೆ ಅಳಿವೆಯ ಪಾಲು ಕಾಗದದ ಮೇಲೆ ಕರಗಿಯೇ ಹೋಗುತ್ತದೆ. ಆ ಎರಡು ಮೂರು ಗಂಟೆಗಳನ್ನು ಆಕೆ ಬೇರೆಡೆ ದುಡಿದು ಗಳಿಸಬಲ್ಲಳೇ ಎಂದು ಕೇಳಿದರೆ, ಬಹುತೇಕ ಮನೆಗಳಲ್ಲಿ ಇಲ್ಲವೆಂಬ ಉತ್ತರವೇ ಬಂತು. ಆದ್ದರಿಂದ ನಾನು ಬೇರೆ ಕೆಲಸ ನಿಜವಾಗಿ ಲಭ್ಯವಿದ್ದ ತಿಂಗಳುಗಳಲ್ಲಿ ಮಾತ್ರ ಪೂರ್ಣ ಕೂಲಿ ಕಳೆದು, ಉಳಿದ ತಿಂಗಳುಗಳಲ್ಲಿ ಅದರ ಒಂದು ಭಾಗವನ್ನಷ್ಟೇ ಕಳೆದೆ, ಮತ್ತು ಎರಡೂ ಬಗೆಯ ಮೊತ್ತಗಳನ್ನು ವರದಿಯಲ್ಲಿ ಅಕ್ಕಪಕ್ಕ ಇಟ್ಟೆ. ಮಾರಾಟವಾಗದೆ ಮನೆಯ ಸಾರಿಗೆ ಹೋಗುವ ಪಾಲನ್ನೂ ಬಿಡುವಂತಿರಲಿಲ್ಲ. ಸಂತೆಯಲ್ಲಿ ಕುಳಿತು ಎಣಿಸಿದವರಿಗೆ ಅದು ಕಾಣುವುದೇ ಇಲ್ಲ.

ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕೊಡುವ ರಕ್ಷಣೆಯ ಬೆಲೆಗೆ ಒಡಿಶಾದ ಭಿತರ್‌ಕನಿಕಾದಲ್ಲಿ ನಡೆದ ಪ್ರಸಿದ್ಧ ಅಧ್ಯಯನವನ್ನು ನೇರವಾಗಿ ತಂದುಕೊಳ್ಳುವ ಆಸೆ ನನಗಿತ್ತು. 1999ರ ಚಂಡಮಾರುತದಲ್ಲಿ ಕಾಂಡ್ಲಾ ಕಾಡಿನ ಮರೆಯಲ್ಲಿದ್ದ ಹಳ್ಳಿಯ ಪ್ರತಿ ಮನೆಯ ನಷ್ಟ ಸರಾಸರಿ 33 ಡಾಲರ್ ಇದ್ದರೆ, ಕಾಡಿಲ್ಲದೆ ಒಡ್ಡು ಮಾತ್ರವಿದ್ದ ಹಳ್ಳಿಯಲ್ಲಿ ಅದು 153 ಡಾಲರ್ ದಾಟಿತ್ತು. ಆದರೆ ಉತ್ತರ ಕನ್ನಡದ ಕರಾವಳಿ ಅಂಥ ಚಂಡಮಾರುತಗಳ ದಾರಿಯಲ್ಲಿಲ್ಲ. ಆ ಸಂಖ್ಯೆಯನ್ನು ಇಲ್ಲಿಗೆ ತಂದರೆ ಮೊತ್ತ ಹಿಗ್ಗುತ್ತದೆಯೇ ಹೊರತು ಸತ್ಯವಾಗುವುದಿಲ್ಲ. ಇಲ್ಲಿ ಕಾಂಡ್ಲಾ ಮಾಡುವ ಕೆಲಸ ಬೇರೆ: ಗಜನಿ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಗಳ ಒಡ್ಡಿಗೆ ಅಲೆ ಬಡಿಯದಂತೆ ಅದು ಎದುರಿಗೆ ನಿಲ್ಲುತ್ತದೆ. ಹಾಗಾಗಿ ಎದುರಿಗೆ ಕಾಂಡ್ಲಾ ಇರುವ ಮತ್ತು ಇಲ್ಲದ ಮಣ್ಣಿನ ಒಡ್ಡುಗಳ ವಾರ್ಷಿಕ ದುರಸ್ತಿಗೆ ರೈತರು ಎಷ್ಟು ಆಳು, ಎಷ್ಟು ಮಣ್ಣು ಹಾಕುತ್ತಾರೆಂದು ಕೇಳಿ, ಅದರ ವ್ಯತ್ಯಾಸವನ್ನೇ ಬೆಲೆಯೆಂದು ಹಿಡಿದೆ. ಅದು ಸಣ್ಣ ಮೊತ್ತ. ಆದರೂ ಅದನ್ನು ಯಾರ ಮುಂದೆಯೂ ಸಮರ್ಥಿಸಬಲ್ಲೆ.

ಗಜನಿಯಲ್ಲಿ ಇನ್ನೊಂದು ಎಚ್ಚರ ಬೇಕಾಯಿತು. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಿನ ನಂತರ ತೂಬಿನಿಂದ ಒಳಬಿಟ್ಟ ಉಪ್ಪುನೀರಿನಲ್ಲಿ ಮೀನು ಮತ್ತು ಸಿಗಡಿ: ಒಂದೇ ನೆಲದ ಎರಡು ಬೆಳೆ. ಭತ್ತದ ಕೂಳೆ ಮತ್ತು ಹುಲ್ಲು ಕೊಳೆತು ಮೀನಿಗೆ ಆಹಾರವಾಗುವುದಕ್ಕೆ ಒಂದು ಬೆಲೆ, ಮೀನಿಗೆ ಮತ್ತೊಂದು ಬೆಲೆ, ಮರಿಗಳಿಗೆ ಆಸರೆಯಾಗುವ ಕಾಂಡ್ಲಾಕ್ಕೆ ಮಗದೊಂದು ಬೆಲೆ ಎಂದು ಕೂಡಿಸಿದರೆ ಅದೇ ಮೀನನ್ನು ಮೂರು ಸಲ ಮಾರಿದಂತಾಗುತ್ತದೆ. ನಾನು ಕೊನೆಗೆ ಕೈಗೆ ಬರುವ ಭತ್ತ ಮತ್ತು ಮೀನನ್ನು ಮಾತ್ರ ಎಣಿಸಿದೆ. ಸಂರಕ್ಷಣೆಯ ಪರವಾಗಿರುವ ವರದಿಗಳಲ್ಲೇ ಈ ತಪ್ಪು ಹೆಚ್ಚಾಗಿ ನುಸುಳುತ್ತದೆ, ಮತ್ತು ಎದುರು ಪಕ್ಷದವರಿಗೆ ಅದೊಂದು ಸಾಕು ಇಡೀ ವರದಿಯನ್ನು ತಳ್ಳಿಹಾಕಲು.

ಅಳಿವೆ ಉಳಿಯಲು ಎಷ್ಟು ಹಣ ಕೊಡುತ್ತೀರಿ ಎಂಬ ರೂಢಿಯ ಪ್ರಶ್ನೆಯನ್ನೂ ಕೇಳಿ ನೋಡಿದೆ. ಬಂದ ಉತ್ತರ ಮೌನ, ಇಲ್ಲವೇ ಕೋಪ. "ಹೊಳೆ ನಮ್ದೇ, ದುಡ್ಡು ಯಾರಿಗೆ ಕೊಡೂದು?" ಎಂದವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದೇ ಜನ, ಒಡ್ಡು ಕಟ್ಟಲು ಮತ್ತು ಕಾಂಡ್ಲಾ ಸಸಿ ನೆಡಲು ವರ್ಷಕ್ಕೆ ಎಷ್ಟು ಆಳು ದಿನ ಕೊಡುತ್ತೀರಿ ಎಂದು ಕೇಳಿದಾಗ, ಮನೆಯವರ ಜೊತೆ ಮಾತಾಡಿ, ಯೋಚಿಸಿ, ನಿಖರವಾದ ಉತ್ತರ ಕೊಟ್ಟರು. ಆ ದಿನಗಳನ್ನು ನಾನು ರೂಪಾಯಿಗೆ ತಿರುಗಿಸಲಿಲ್ಲ.

2024ರ ಜನವರಿಯಲ್ಲಿ 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ, 1,000 ಚದರ ಮೀಟರ್‌ಗಿಂತ ದೊಡ್ಡ ಕಾಂಡ್ಲಾ ಪ್ರದೇಶಕ್ಕೆ 50 ಮೀಟರ್ ಅಂಚು ಬಿಡಬೇಕೆಂಬ ನಿಯಮವಿದೆ. ಚಿಪ್ಪಿಕಲ್ಲಿನ ದಿಬ್ಬಗಳಿಗೆ ಅಂಥ ಸ್ಪಷ್ಟ ಅಳತೆಯ ಅಂಚಿಲ್ಲ. ಆದ್ದರಿಂದ ನನ್ನ ಮಟ್ಟಿಗೆ ವರದಿಯ ಅತ್ಯಂತ ಉಪಯುಕ್ತ ಪುಟ ಒಟ್ಟು ಮೊತ್ತದ್ದಲ್ಲ, ಯಾವ ದಿಬ್ಬದಿಂದ ಯಾವ ಊರಿನ ಎಷ್ಟು ಮನೆಗಳು ಬದುಕುತ್ತವೆ ಎಂದು ಗುರುತಿಸಿದ ನಕ್ಷೆ. ಮರಳು ಎತ್ತುವುದಾಗಲಿ ಹೂಳು ತೆಗೆಯುವುದಾಗಲಿ ಎಲ್ಲಿ ಕೂಡದು ಎಂಬ ಚರ್ಚೆ ಆ ನಕ್ಷೆಯ ಮೇಲೆ ಬೆರಳಿಟ್ಟು ನಡೆಯಿತು.

ಸಭೆಯೊಂದರಲ್ಲಿ ಅಧಿಕಾರಿಯೊಬ್ಬರು ಒಂದೇ ಸಂಖ್ಯೆ ಕೊಡಿ ಎಂದು ಕೇಳಿದಾಗ ನಾನು ಮೂರು ಅಂಕಣಗಳ ಹಾಳೆಯನ್ನೇ ಮುಂದಿಟ್ಟೆ: ರೂಪಾಯಿಯಲ್ಲಿ ಹೇಳಬಹುದಾದದ್ದು, ಆಳು ದಿನಗಳಲ್ಲಿ ಹೇಳಬಹುದಾದದ್ದು, ಮತ್ತು ಬೆಲೆ ಕಟ್ಟದೆ ಬಿಟ್ಟದ್ದು. ಮೂರನೆಯ ಅಂಕಣದಲ್ಲಿ ಕಗ್ಗದ ಬೀಜ, ವಲಸೆ ಹಕ್ಕಿಗಳು, ಹೊಳೆಗೆ ಸಲ್ಲಿಸುವ ಪೂಜೆ ಇವೆ. ಈಗ ಆ ಊರುಗಳ ಕೆಲವು ಮಹಿಳೆಯರು ತಾವೇ ಪುಸ್ತಕ ಇಟ್ಟು ಪ್ರತಿ ಇಳಿತದ ಲೆಕ್ಕ ಬರೆಯುತ್ತಿದ್ದಾರೆ. ಅದರಲ್ಲಿ ತಾರೀಖಿನ ಜಾಗದಲ್ಲಿ ತಿಥಿ ಇದೆ.