ಒಂದು ಕೋಣೆ, ನಾಲ್ಕು ಬಾಗಿಲು: ಸಾವಿನ ಒಗಟಿನ ಚಿತ್ರಕ್ಕೆ ಸೆಟ್ ಕಟ್ಟಿದ ಅನುಭವ

ಗುರುತು ಪರಿಚಯವಿಲ್ಲದ ಐದಾರು ಜನ ಒಂದು ಕೋಣೆಯಲ್ಲಿ ಸಿಕ್ಕಿಬಿದ್ದಿರುತ್ತಾರೆ, ಒಗಟು ಬಿಡಿಸದಿದ್ದರೆ ಸಾವು. ಕೈಯಲ್ಲಿ ದುಡ್ಡಿಲ್ಲದವರಿಗೆ ಒಪ್ಪುವ ಕಥೆ ಇದು. 1997ರ ಕೆನಡಾ ಚಿತ್ರ ‘ಕ್ಯೂಬ್’ ಕಥೆಯಲ್ಲಿ 17,576 ಕೋಣೆಗಳಿವೆ. ಚಿತ್ರೀಕರಣ ನಡೆದದ್ದು ಮಾತ್ರ ಬಹುತೇಕ 14 ಅಡಿಯ ಒಂದೇ ಸೆಟ್‌ನಲ್ಲಿ, ಗೋಡೆಯ ಬಣ್ಣ ಬದಲಿಸಿಕೊಂಡು. ಬೆಂಗಳೂರಿನ ಒಂದು ತಗಡಿನ ಶೆಡ್ಡಿನಲ್ಲಿ ನಮ್ಮ ಕಿರುಚಿತ್ರಕ್ಕೂ ಅದೇ ದಾರಿ ಹಿಡಿದೆವು. ಆದರೆ ಮರಕ್ಕೆ ಗರಗಸ ಇಡುವ ಮುಂಚೆ ಒಗಟು ಪೂರ್ತಿ ಆಗಿರಬೇಕು. ಬಾಗಿಲೆಷ್ಟು, ಅದರ ಮೇಲೆ ಏನು ಬರೆದಿದೆ, ಮೊದಲು ಸಾಯುವವರು ಯಾರು, ಎಲ್ಲ ಅದರಿಂದಲೇ ತೀರ್ಮಾನವಾಗುತ್ತೆ.

ಒಗಟಿಗೆ ಕಟಪಯಾದಿ ತಗೊಂಡೆವು, ಅಂದರೆ ಒಂದೊಂದು ವ್ಯಂಜನಕ್ಕೂ ಒಂದು ಅಂಕಿ ಕೊಡುವ ಹಳೆಯ ಪದ್ಧತಿ. ಬಾಗಿಲ ಮೇಲೆ ಮೇಳಕರ್ತ ರಾಗದ (ಕರ್ನಾಟಕ ಸಂಗೀತದ 72 ಮೂಲ ರಾಗಗಳಲ್ಲೊಂದರ) ಹೆಸರು, ಪಕ್ಕದಲ್ಲಿ ಎರಡಂಕಿಯ ಬೀಗ. ಹೆಸರಿನ ಮೊದಲೆರಡು ಅಕ್ಷರಗಳ ಅಂಕಿ ಹಿಡಿದು ತಿರುಗಿಸಿದರೆ ಆ ರಾಗದ ಕ್ರಮಸಂಖ್ಯೆ ಸಿಗುತ್ತೆ. ಮೊದಲ ಬಾಗಿಲು ಖರಹರಪ್ರಿಯ: ಖ 2, ರ 2. ತಿರುಗಿಸಿದರೂ 22, ತಿರುಗಿಸದಿದ್ದರೂ 22. ಅರ್ಧ ನಿಯಮ ಗೊತ್ತಿದ್ದವರಿಗೂ ಬಾಗಿಲು ತೆರೆಯಿತು, ಧೈರ್ಯ ಬಂತು. ಎರಡನೆಯದು ಮಾಯಾಮಾಳವಗೌಳ: ಮ 5, ಯ 1. ಒಬ್ಬಾತ 51 ಒತ್ತುತ್ತಾನೆ, ಅಲ್ಲಿಗೆ ಮುಗಿಯಿತು. ಸರಿಯುತ್ತರ 15. ಇಲ್ಲಿ ಪ್ರೇಕ್ಷಕನಿಗೆ ಮೋಸವಾಗಿಲ್ಲ, ಎರಡೂ ಹೆಸರು ಅವನ ಕಣ್ಣೆದುರಿಗೇ ಇದ್ದವು. ಸುಳಿವು ಮುಚ್ಚಿಟ್ಟು ಕೊಲ್ಲುವ ಚಿತ್ರಗಳನ್ನು ನಾನಂತೂ ಒಗಟಿನ ಚಿತ್ರ ಅನ್ನಲ್ಲ.

ಕೊನೆಯ ಬಾಗಿಲು 20ನೇ ಮೇಳ. ರೂಢಿಯಂತೆ ‘ನಟಭೈರವಿ’ ಎಂದು ಬರೆದರೆ ನ 0, ಟ 1, ತಿರುಗಿಸಿದರೆ 10. ಅದು ನಾಟಕಪ್ರಿಯದ ಸಂಖ್ಯೆ. ‘ನಠಭೈರವಿ’ ಆದರೆ ಮಾತ್ರ ಠ 2, ಲೆಕ್ಕ 20. ಇಡೀ ಕ್ಲೈಮ್ಯಾಕ್ಸ್ ಟಕಾರವೋ ಠಕಾರವೋ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಅಕ್ಷರ ಕನಿಷ್ಠ 4 ಇಂಚು ಎತ್ತರ ಇರಲಿ, ಇಲ್ಲದಿದ್ದರೆ ಮೊಬೈಲಿನಲ್ಲಿ ಠಕಾರದ ಹೊಟ್ಟೆಯೊಳಗಿನ ಚುಕ್ಕೆ ಕಾಣದೆ ಅದು ರಕಾರದಂತಾಗುತ್ತೆ. ಸ್ಟೆನ್ಸಿಲ್ ಕತ್ತರಿಸಿಯೇ ಬರೆಸಿ. ಬೋರ್ಡ್ ಬರೆಯುವವರ ಕೈಗೆ ಬಿಟ್ಟರೆ ಕಾಗುಣಿತ ತಪ್ಪಿದೆ ಅಂದುಕೊಂಡು ತಾವೇ ತಿದ್ದಿಬಿಡುತ್ತಾರೆ. ಒತ್ತಕ್ಷರದ ಹೆಸರುಗಳ ಸಹವಾಸ ಬೇಡ. ರತ್ನಾಂಗಿಯಲ್ಲಿ ಒತ್ತಿನ ನ ಹಿಡಿದು 2 ಬರುತ್ತೆ, ದಿವ್ಯಮಣಿಯಲ್ಲಿ ಮೇಲಿನ ವ ಹಿಡಿದು 48. ಚಿತ್ರ ನಿಲ್ಲಿಸಿ ಲೆಕ್ಕ ಹಾಕುವವರು ಜಗಳಕ್ಕೇ ಬರುತ್ತಾರೆ.

ಇಷ್ಟನ್ನೆಲ್ಲ ಪಾತ್ರಗಳ ಬಾಯಲ್ಲಿ ಹೇಳಿಸುವುದು ಹೇಗೆ? ಕನ್ನಡ ಓದಲು ಬಾರದ ಒಬ್ಬನನ್ನು ಒಳಗೆ ಹಾಕಿ. ಬೆಂಗಳೂರಿನ ಕಥೆಯಲ್ಲಿ ಅವನಿರುವುದು ಸಹಜ, ಅವನಿಗೆ ಅಕ್ಷರ ಅಕ್ಷರ ಬಿಡಿಸಿ ಹೇಳಲೇಬೇಕಾಗುತ್ತೆ.

ಇನ್ನು ಕೋಣೆ. 12 ಅಡಿ ಚೌಕ, 8 ಅಡಿ ಎತ್ತರ. 8×4 ಅಡಿಯ 6 ಎಂಎಂ ಪ್ಲೈವುಡ್ ಗೋಡೆಗೆ ಮೂರರಂತೆ ಹನ್ನೆರಡು ಹಾಳೆ, ಹಿಂದೆ 2×1 ಇಂಚಿನ ರೀಪರ್ (ಮರದ ಪಟ್ಟಿ) ಚೌಕಟ್ಟು. ಮರ ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ನಲ್ಲಿ ಸಿಗುತ್ತೆ. ಮೂಲೆಗಳಿಗೆ ಮೊಳೆ ಹೊಡೆಯಬೇಡಿ, ಪಿನ್ ಎಳೆದರೆ ಬಿಚ್ಚಿಕೊಳ್ಳುವ ಹಿಂಜ್ ಹಾಕಿ. ಸೂಪರ್ 35 ಅಳತೆಯ ಸೆನ್ಸರ್ ಇರುವ ಕ್ಯಾಮೆರಾದಲ್ಲಿ 24 ಎಂಎಂ ಲೆನ್ಸ್ ಇಟ್ಟರೆ ಎದುರು ಗೋಡೆ ಪೂರ್ತಿ ಸಿಗುತ್ತೆ, ಆದರೆ ಅಂಚಿನಲ್ಲಿ ನಿಂತವರ ಮುಖ ಎಳೆದಂತಾಗುತ್ತೆ. 35 ಎಂಎಂ ಬೇಕಾದರೆ ಗೋಡೆ ಕಳಚಿ ಇನ್ನೂ 5 ಅಡಿ ಹಿಂದೆ ಹೋಗಬೇಕು. ಶೆಡ್ ನೋಡಲು ಹೋದಾಗಲೇ ಈ ಜಾಗ ಅಳೆದುಕೊಳ್ಳಿ. ಬಣ್ಣ ಮ್ಯಾಟ್ ಇರಲಿ.

ಚಾವಣಿಗೆ ಬಟ್ಟೆ ಸಾಕು, ಬೆಳಕೂ ಅದರ ಮೂಲಕವೇ ಇಳಿಯಲಿ. ಕೋರಾ ಬಟ್ಟೆ ಹಳದಿ ಹೊಡೆಯುತ್ತೆ, ಬಿಳುಪು ಮಾಡಿದ್ದೇ ಬೇಕು. ಹೊಲಿಗೆ ನೆರಳಾಗಿ ಕಾಣುವುದರಿಂದ ಅದು ಚೌಕಟ್ಟಿನ ಪಟ್ಟಿಯ ಮೇಲೇ ಕೂರಬೇಕು.

ಹೆಚ್ಚು ಕಾಟ ಕೊಡುವುದು ಗೋಡೆಯ ಬಣ್ಣದ ಬೆಳಕು. ಪ್ಲೈವುಡ್‌ನಲ್ಲಿ 2 ಅಡಿಯ ಚೌಕ ಕೊರೆದು 3 ಎಂಎಂ ಹಾಲುಬಣ್ಣದ ಅಕ್ರಿಲಿಕ್ ಕೂರಿಸಿ, ಹಿಂದೆ 4 ಇಂಚು ಆಳದ ಪೆಟ್ಟಿಗೆಯಲ್ಲಿ ಎಲ್‌ಇಡಿ ಪಟ್ಟಿ. ಸಾಲುಗಳ ನಡುವಿನ ಅಂತರ ಪೆಟ್ಟಿಗೆಯ ಆಳಕ್ಕಿಂತ ಹೆಚ್ಚಾದರೆ ಗೆರೆಗಳು ಎದ್ದು ಕಾಣುತ್ತವೆ. ಎಸ್‌ಪಿ ರಸ್ತೆಯಲ್ಲಿ ಸಿಗುವ 12 ವೋಲ್ಟಿನ, ಮೀಟರಿಗೆ 14.4 ವ್ಯಾಟಿನ ಪಟ್ಟಿಯ 5 ಮೀಟರ್ ಸುರುಳಿ 6 ಆಂಪಿಯರ್ ಎಳೆಯುತ್ತೆ. 10 ಆಂಪಿಯರ್ ಎಸ್‌ಎಂಪಿಎಸ್‌ಗೆ (ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಡಬ್ಬಿ) ಒಂದೇ ಸುರುಳಿ, ಎರಡು ಹಾಕಬೇಡಿ. ಎರಡೂ ತುದಿಗೆ ಕರೆಂಟ್ ಕೊಡದಿದ್ದರೆ ಆಚೆ ಕೊನೆ ಮಂಕಾಗುತ್ತೆ. ಅಗ್ಗದ ಡಿಮ್ಮರ್ ಬಳಸಿದರೆ ಚಿತ್ರದಲ್ಲಿ ಪಟ್ಟೆ ಓಡುತ್ತೆ, ಯಾಕೆಂದರೆ ಅದು ದೀಪವನ್ನು ಪಟಪಟ ಆರಿಸಿ ಹಚ್ಚುತ್ತಿರುತ್ತದಷ್ಟೆ. ಪೂರ್ತಿ ಉರಿಸಿ, ಹೆಚ್ಚಾದರೆ ಅಕ್ರಿಲಿಕ್ ಹಿಂದೆ ಟ್ರೇಸಿಂಗ್ ಹಾಳೆ ಸೇರಿಸಿ. ನಮ್ಮ ಕರೆಂಟ್ 50 ಹರ್ಟ್ಸ್. ಸೆಕೆಂಡಿಗೆ 24 ಫ್ರೇಮ್ ಇರುವಾಗ ಶಟರ್ 172.8 ಡಿಗ್ರಿ ಇಟ್ಟರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು ಸೆಕೆಂಡಿನ ಐವತ್ತನೇ ಒಂದು ಭಾಗವಾಗಿ, ಶೆಡ್ಡಿನ ಟ್ಯೂಬ್‌ಲೈಟ್ ಮಿನುಗೂ ನಿಲ್ಲುತ್ತೆ. ಕೆಂಪು ಬೆಳಕು ಗೋಡೆಯಲ್ಲಿ ಮಾತ್ರ ಇರಲಿ, ಮುಖಕ್ಕೆ ಮೇಲಿನ ಬಿಳಿ ಬೆಳಕೇ. ಮುಖಕ್ಕೂ ಕೆಂಪು ಬಿಟ್ಟರೆ ಕ್ಯಾಮೆರಾ ದಾಖಲಿಸುವ ಕೆಂಪು (ರೆಡ್ ಚಾನೆಲ್) ಮಿತಿ ಮೀರಿ ಕಣ್ಣು ಮೂಗು ಒಂದೇ ಆಗಿಬಿಡುತ್ತೆ.

ನಿಜವಾದ ಬೀಗ ಎಂದೂ ಬೇಡ, ನಟರು ಒಳಗಿರುತ್ತಾರೆ. ಹಿಂದೊಬ್ಬ ನಿಂತು ಹಗ್ಗ ಎಳೆದರೆ ಸಾಕು. ಕ್ಲೋಸ್‌ಅಪ್‌ಗೆ ಬೋಲ್ಟ್ ಸರಿಯಬೇಕಿದ್ದರೆ ಗೋಡೆಯ ತುಂಡೊಂದರ ಮೇಲೆ 12 ವೋಲ್ಟಿನ ಸೊಲೆನಾಯ್ಡ್ (ಕರೆಂಟ್ ಕೊಟ್ಟರೆ ಕಡ್ಡಿ ಎಳೆಯುವ ತಂತಿ ಸುರುಳಿ) ಕೂರಿಸಿ, ಆರ್ಡುಯಿನೊ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡಿನಿಂದ ನಡೆಸಿ. ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಕರೆಂಟ್ ಕೊಟ್ಟಿದ್ದರೆ ಸುರುಳಿ ಕಾಯುತ್ತೆ. ಅದಕ್ಕೆ ಅಡ್ಡಲಾಗಿ 1ಎನ್4007 ಡಯೋಡ್ ಇಲ್ಲದಿದ್ದರೆ ಆರ್ಡುಯಿನೊ ಆಗಾಗ ರೀಸೆಟ್ ಆಗಬಹುದು.

ತಗಡಿನ ಮಾಡಿನಡಿ ಸಿಂಕ್ ಸೌಂಡ್ (ಚಿತ್ರೀಕರಣದ ಜೊತೆಗೇ ಮಾತು ರೆಕಾರ್ಡ್ ಮಾಡುವ) ಆಸೆ ಮೇ ತಿಂಗಳಲ್ಲಿ ಬಿಡಿ, ಸಂಜೆ ಮಳೆ ಯಾವಾಗ ಬರುತ್ತೋ ಹೇಳಲಾಗದು. ಡಬ್ಬಿಂಗ್ ಆದರೂ ಖಾಲಿ ಕೋಣೆಯ ಮೌನ ಎರಡು ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಬಾಗಿಲು ಬೀಳುವ ಸದ್ದಿಗೆ ಶೆಡ್ಡಿನ ರೋಲಿಂಗ್ ಶಟರ್ ಎಳೆದು ರೆಕಾರ್ಡ್ ಮಾಡಿ, ವೇಗ ಅರ್ಧಕ್ಕಿಳಿಸಿದರೆ 6 ಎಂಎಂ ಪ್ಲೈವುಡ್ಡಿಗೂ ಉಕ್ಕಿನ ತೂಕ ಬರುತ್ತೆ.