ಗುಳಿಗೆ, ಸೂಜಿ ಮತ್ತು ಭದ್ರಾ ಚಾನಲ್ಲಿನ ತೂಬು

ದಾವಣಗೆರೆಯ ಎಪಿಎಂಸಿ ಹತ್ತಿರ ನನ್ನದೊಂದು ಮೆಡಿಕಲ್ ಶಾಪ್ ಇದೆ. ಅಂಗಡಿ ಹಾಕಿದ ಹೊಸತರಲ್ಲಿ ನಾನು ಡಾಕ್ಟರ ಚೀಟಿ ನೋಡಿ, ಮಾತ್ರೆ ಕವರಿಗೆ ಹಾಕಿ, ಮೇಲೆ ‘ಬೆಳಿಗ್ಗೆ 1, ರಾತ್ರಿ 1’ ಅಂತ ಬರೆದು ಕೊಡುತ್ತಿದ್ದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಒಂದು ದಿನ ಹನ್ನೊಂದು ಗಂಟೆ ಸುಮಾರಿಗೆ ಮಲೇಬೆನ್ನೂರು ಕಡೆಯ ಅಜ್ಜ ಒಬ್ಬರು ಅಂಗಡಿ ಕಟ್ಟೆ ಮೇಲೆ ಕುಸಿದು ಕೂತರು. ಭತ್ತದ ಲೋಡ್ ಜೊತೆ ಬಂದವರು. ಅಂಗಿ ಬೆವರಿಗೆ ತೊಯ್ದಿತ್ತು. ಕೈ ನಡುಗುತ್ತಿತ್ತು. ಬೆರಳು ಚುಚ್ಚಿ ನೋಡಿದರೆ ಗ್ಲುಕೋಮೀಟರ್ ರಕ್ತದ ಸಕ್ಕರೆ 52 ತೋರಿಸಿತು. 70ಕ್ಕಿಂತ ಕೆಳಗೆ ಹೋದರೇ ಎಚ್ಚರ ಆಗಬೇಕು. ಪುಣ್ಯಕ್ಕೆ ಅಜ್ಜನಿಗೆ ಪ್ರಜ್ಞೆ ಇತ್ತು, ನುಂಗಲು ಬರುತ್ತಿತ್ತು. ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿದೆ. ಹದಿನೈದು ನಿಮಿಷ ಬಿಟ್ಟು ನೋಡಿದಾಗ 84. ಆಮೇಲೆ ಇಡ್ಲಿ ತರಿಸಿ ತಿನ್ನಿಸಿದೆ.

‘ಬೆಳಿಗ್ಗೆ ಆರಕ್ಕೇ ಗುಳಿಗಿ ನುಂಗೀನಿ ತಮ್ಮಾ. ಹೊಟ್ಟಿಗೆ ಏನೂ ಹಾಕಿಲ್ಲ. ನೀನೇ ಬರದಿದ್ದಿ ಅಲ್ಲ, ಬೆಳಿಗ್ಗೆ ಒಂದು ಅಂತ?’

ಹೌದು, ನಾನೇ ಬರೆದಿದ್ದೆ. ಅದು ಗ್ಲಿಮೆಪಿರೈಡ್, ಶುಗರ್ ಕಾಯಿಲೆಯ ಮಾತ್ರೆ. ತಿಂಡಿಯ ಜೊತೆ ತೆಗೆದುಕೊಳ್ಳಬೇಕಾದ ಮಾತ್ರೆ. ‘ತಿಂಡಿ’ ಅನ್ನೋ ಒಂದು ಪದ ನಾನು ಬರೆದಿರಲಿಲ್ಲ. ಆ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಅವರು ಚೇತರಿಸಿಕೊಳ್ಳುವಾಗ ಮಾತ್ರೆ ಏನು ಮಾಡುತ್ತದೆ ಅಂತ ವಿವರಿಸಿದ್ದೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತೆ. ಆ ಇನ್ಸುಲಿನ್ ರಕ್ತದಲ್ಲಿರೋ ಸಕ್ಕರೆಯನ್ನು ಮೈಯ ಜೀವಕೋಶಗಳ ಒಳಗೆ ಬಿಡುತ್ತೆ. ಗ್ಲಿಮೆಪಿರೈಡ್ ಆ ಗ್ರಂಥಿಯನ್ನು ಹಿಂಡಿ ಜಾಸ್ತಿ ಇನ್ಸುಲಿನ್ ಹೊರಡಿಸುತ್ತೆ. ನೀವು ಉಂಡಿದ್ದೀರೋ ಇಲ್ವೋ ಅದಕ್ಕೆ ಗೊತ್ತಾಗಲ್ಲ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಹಂಗಾದ್ರ ತೂಬು ಎತ್ತಿದಂಗ. ಚಾನಲ್‌ನಾಗ ನೀರು ಇಲ್ದಾಗ್ಲೂ ತೂಬು ಎತ್ತಿದ್ರ, ಇದ್ದ ಚೂರು ನೀರೂ ಹೋಗಿ ಚಾನಲ್ ಒಣಗ್ತದ.’

ಭದ್ರಾ ನಾಲೆಯ ಕೊನೆ ಭಾಗದ ರೈತ ಅವರು. ನೀರಿನ ಲೆಕ್ಕ ಅವರಿಗೆ ರಕ್ತದಲ್ಲೇ ಇದೆ. ಡಿ.ಫಾರ್ಮಾ ಓದುವಾಗ ನನಗೆ ಯಾರೂ ಇಷ್ಟು ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ನಾನು ಪ್ರತಿ ಮಾತ್ರೆಯನ್ನೂ ಹಾಗೇ ವಿವರಿಸುತ್ತಾ ಬಂದೆ.

ಮೆಟ್‌ಫಾರ್ಮಿನ್ ತೂಬಿನ ತಂಟೆಗೆ ಹೋಗಲ್ಲ. ಅದರ ಕೆಲಸ ಡ್ಯಾಂನಲ್ಲಿ. ನಮ್ಮ ಲಿವರ್ ಸಕ್ಕರೆಯ ಡ್ಯಾಂ ಇದ್ದ ಹಾಗೆ. ರಾತ್ರಿ ನಾವು ಉಪವಾಸ ಮಲಗಿದಾಗಲೂ ಅಲ್ಲಿಂದ ಸಕ್ಕರೆ ಹರಿದು ಬರುತ್ತೆ. ಶುಗರ್ ಇರುವವರಲ್ಲಿ ಬೇಕಿದ್ದಕ್ಕಿಂತ ಜಾಸ್ತಿ ಬರುತ್ತೆ. ‘ರಾತ್ರಿ ಬರೀ ಒಂದು ರೊಟ್ಟಿ ತಿಂದೆ, ಬೆಳಿಗ್ಗೆ ಹೆಂಗೆ 180 ಬಂತು?’ ಅಂತ ಕೇಳುವವರಿಗೆ ಉತ್ತರ ಇದೇ. ಮೆಟ್‌ಫಾರ್ಮಿನ್ ಆ ಹರಿವನ್ನು ತಗ್ಗಿಸುತ್ತೆ. ಬೇರೆ ಶುಗರ್ ಮಾತ್ರೆ ಇಲ್ಲದೆ ಇದೊಂದನ್ನೇ ತೆಗೆದುಕೊಂಡರೆ ಶುಗರ್ ತೀರಾ ಕೆಳಗೆ ಇಳಿಯೋದು ಅಪರೂಪ. ಹೊಟ್ಟೆ ಕೆಡಿಸುತ್ತೆ, ಅದಕ್ಕೇ ಊಟದ ಜೊತೆ ತೆಗೆದುಕೊಳ್ಳಿ ಅನ್ನೋದು. ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ವಿಟಮಿನ್ ಕಮ್ಮಿ ಆಗಬಹುದು. ಕಾಲು ಜುಮುಜುಮು ಅಂದರೆ ಅದನ್ನೂ ಒಮ್ಮೆ ಪರೀಕ್ಷೆ ಮಾಡಿಸಿ ಅಂತೀನಿ. ಇಂಗ್ಲಿಷ್ ಮಾತ್ರೆ ಬೇಡ, ಗಿಡಮೂಲಿಕೆ ಸಾಕು ಅನ್ನುವವರಿಗೆ ಒಂದು ವಿಷಯ ಹೇಳುತ್ತೇನೆ: ಈ ಮಾತ್ರೆಯ ಮೂಲವೂ ಗಲೀಗ ಅನ್ನೋ ಒಂದು ಗಿಡವೇ. ಅದರ ಸಾರದ ಬೆನ್ನು ಹತ್ತಿ ಹೋಗಿ, 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟೆರ್ನ್ ಮೆಟ್‌ಫಾರ್ಮಿನ್ ಅನ್ನು ರೋಗಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು.

ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಇವೆಲ್ಲ ಹುಷಾರಿ ನೀರುಗಂಟಿಗಳು. ಊಟ ಬಂತು ಅಂತ ಕರುಳು ಗ್ರಂಥಿಗೆ ಸುದ್ದಿ ಕಳಿಸುತ್ತೆ. ಆ ಸುದ್ದಿ ಬೇಗ ಅಳಿಸಿ ಹೋಗದ ಹಾಗೆ ಇವು ಕಾಯುತ್ತವೆ. ಚಾನಲ್ ತುಂಬಿದಾಗಲೇ ತೂಬು ಎತ್ತುತ್ತವೆ.

ಡಾಪಾಗ್ಲಿಫ್ಲೋಜಿನ್ ಕೆಲಸ ಮಾಡೋದು ಕಿಡ್ನಿಯಲ್ಲಿ. ಕೆರೆ ತುಂಬಿದರೆ ಕೋಡಿ ಬೀಳುತ್ತೆ ಅಲ್ವಾ? ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಮೂತ್ರಕ್ಕೆ ಕೋಡಿ ಬೀಳುತ್ತೆ. ಈ ಮಾತ್ರೆ ಆ ಕೋಡಿಯ ಎತ್ತರವನ್ನೇ ಇಳಿಸುತ್ತೆ. ಆದ್ದರಿಂದ ಇದನ್ನು ನುಂಗುವವರ ಮೂತ್ರ ಪರೀಕ್ಷೆಯಲ್ಲಿ ಸಕ್ಕರೆ ಬಂದೇ ಬರುತ್ತೆ. ಮೊನ್ನೆ ಒಬ್ಬ ಅಣ್ಣ ರಿಪೋರ್ಟ್ ಹಿಡಿದು ಗಾಬರಿಯಿಂದ ಓಡಿ ಬಂದಿದ್ದರು. ಮಾತ್ರೆ ಕೆಲಸ ಮಾಡ್ತಿದೆ ಅಂತ ಅರ್ಥ ಅಂದೆ. ಆದರೆ ನೀರು ಚೆನ್ನಾಗಿ ಕುಡಿಯಬೇಕು, ಮೂತ್ರದ ಜಾಗ ಶುಚಿಯಾಗಿಡಬೇಕು. ವಾಂತಿ ಭೇದಿ ಆದಾಗ, ಪೂರ್ತಿ ಉಪವಾಸ ಮಾಡುವಾಗ ತಡಮಾಡದೆ ಡಾಕ್ಟರನ್ನು ಕೇಳಬೇಕು.

ವೋಗ್ಲಿಬೋಸ್ ಬಗ್ಗೆ ಒಂದೇ ಮಾತು. ಅದು ಊಟದ ಪಿಷ್ಟ, ಸಕ್ಕರೆ ಕರುಳಿನಲ್ಲಿ ಒಡೆಯೋದನ್ನೇ ನಿಧಾನ ಮಾಡುತ್ತೆ. ಅದರ ಜೊತೆ ಗ್ಲಿಮೆಪಿರೈಡೂ ಇದ್ದು ಶುಗರ್ ಇಳಿದರೆ, ಮನೆಯ ಸಕ್ಕರೆ ಬೇಗ ಕೆಲಸ ಮಾಡಲ್ಲ. ಗ್ಲೂಕೋಸ್ ಪುಡಿಯೇ ಬೇಕು. ಅಂಥವರಿಗೆ ಮಾತ್ರೆ ಜೊತೆ ಒಂದು ಪ್ಯಾಕೆಟ್ ಗ್ಲೂಕೋಸ್ ಕೊಡದೆ ನಾನು ಕಳಿಸಲ್ಲ.

ಇನ್ನು ಸೂಜಿ. ನಮ್ಮ ಕಡೆ ಇನ್ಸುಲಿನ್ ಅಂದರೆ ‘ಇನ್ನೇನು ಮುಗೀತು’ ಅನ್ನೋ ಭಯ. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಮೊದಲು ಇನ್ಸುಲಿನ್ ಪಡೆದ ಲಿಯೋನಾರ್ಡ್ ಥಾಂಪ್ಸನ್‌ಗೆ 14 ವರ್ಷ. ಸಾಯುವ ಹಂತದಲ್ಲಿದ್ದ ಹುಡುಗ ಆಮೇಲೆ 13 ವರ್ಷ ಬದುಕಿದ. ಇದನ್ನು ಹೇಳಿದಾಗ ಕೆಲವರ ಮುಖ ಸ್ವಲ್ಪ ಸಡಿಲ ಆಗುತ್ತೆ.

ಆದರೆ ಭಯಕ್ಕಿಂತ ದೊಡ್ಡ ತೊಂದರೆ ನಾನು ಕಂಡಿದ್ದು ಸಿರಿಂಜಿನಲ್ಲಿ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಗೆ 40 ಯೂನಿಟ್. ಪೆನ್ನಿನ ಆಕಾರದ ಇನ್ಸುಲಿನ್ ಸೂಜಿಯದು 100. ಸಿರಿಂಜಿನಲ್ಲೂ 40ರದ್ದು ಬೇರೆ, 100ರದ್ದು ಬೇರೆ. ಸಾಮಾನ್ಯವಾಗಿ 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ. ಒಬ್ಬ ಅಕ್ಕನಿಗೆ ಒಂದೂವರೆ ತಿಂಗಳಿಂದ ಶುಗರ್ 300ರ ಕೆಳಗೆ ಬರುತ್ತಿರಲಿಲ್ಲ. ಮನೆಯವರು ‘ಕದ್ದು ಸಿಹಿ ತಿಂತಾಳೆ’ ಅಂತ ಬೈಯುತ್ತಿದ್ದರು. ಸಾಮಾನು ತಂದು ತೋರಿಸಿ ಅಂದೆ. 40ರ ಸೀಸೆ, 100ರ ಸಿರಿಂಜ್. ಬೇರೆ ಎಲ್ಲೋ ಕೊಂಡಿದ್ದಂತೆ. 20ರ ಗೆರೆವರೆಗೆ ಎಳೆಯುತ್ತಿದ್ದರು, ಮೈಗೆ ಹೋಗುತ್ತಿದ್ದದ್ದು ಬರೀ 8 ಯೂನಿಟ್. ಡೋಸ್ ಏರಿಸುವ ಮೊದಲೇ ಗೊತ್ತಾಯಿತಲ್ಲ ಅಂತ ಡಾಕ್ಟರಿಗೆ ಫೋನ್ ಮಾಡಿಸಿದೆ. ಇದು ತಿರುಗಾಮುರುಗಾ ಆಗಿ 100ರ ಇನ್ಸುಲಿನ್ 40ರ ಸಿರಿಂಜಿಗೆ ಹೋಗಿದ್ದರೆ 20ರ ಜಾಗದಲ್ಲಿ 50 ಯೂನಿಟ್! ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತೆ. ಆ ಅಕ್ಕ ಮನೆಯವರ ಮುಂದೆ ಅತ್ತುಬಿಟ್ಟರು.

ಬೇಗ ಕೆಲಸ ಮಾಡೋದು 30 ಪಾಲು, ನಿಧಾನದ್ದು 70 ಪಾಲು ಬೆರೆಸಿದ 30/70 ಇನ್ಸುಲಿನ್ ಮಜ್ಜಿಗೆ ಥರ ತಳ ಹಿಡಿಯುತ್ತೆ. ಅಂಗೈಯಲ್ಲಿ ಮೆಲ್ಲಗೆ ಹೊರಳಿಸಬೇಕು, ಕುಲುಕಬಾರದು. ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಬೇಕು. ಒಂದೇ ಜಾಗದಲ್ಲಿ ಚುಚ್ಚುತ್ತಾ ಹೋದರೆ ಅಲ್ಲಿ ಗಡ್ಡೆ ಕಟ್ಟುತ್ತೆ, ಔಷಧಿ ಸರಿಯಾಗಿ ಹೀರಲ್ಲ. ಗ್ಲಾರ್ಜಿನ್ ಅನ್ನೋ ಇನ್ಸುಲಿನ್ ತಿಳಿ ನೀರಿನ ಹಾಗಿರುತ್ತೆ, ಸುಮಾರು ಒಂದು ದಿನ ಸಮನಾಗಿ ಕೆಲಸ ಮಾಡುತ್ತೆ. ಅದನ್ನು ಬೇರೆ ಯಾವುದರ ಜೊತೆಗೂ ಬೆರೆಸಬಾರದು.

ಮಲೇಬೆನ್ನೂರಿನ ಅಜ್ಜ ಈಗಲೂ ಬರುತ್ತಾರೆ. ಕೈಯಲ್ಲಿ ರೊಟ್ಟಿ ಬುತ್ತಿ, ಕಿಸೆಯಲ್ಲಿ ಗ್ಲೂಕೋಸ್. ಈ ಬೇಸಿಗೆಯಲ್ಲಿ ಅವರಿಗೂ ಡಾಕ್ಟರ್ ಇನ್ಸುಲಿನ್ ಬರೆದರು. ಮನೆಯಲ್ಲಿ ಫ್ರಿಜ್ ಇಲ್ಲ. ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಸಣ್ಣ ಮಡಿಕೆಯಲ್ಲಿಡಿ, ಆ ಮಡಿಕೆಯನ್ನು ಒದ್ದೆ ಮರಳು ತುಂಬಿದ ದೊಡ್ಡ ಮಡಿಕೆಯೊಳಗೆ ನೆರಳಲ್ಲಿಡಿ ಅಂದೆ. ತೆರೆದ ಸೀಸೆ ನಾಲ್ಕು ವಾರಕ್ಕಷ್ಟೇ ಅಂತ ತಾರೀಖು ಬರೆದು ಕೊಟ್ಟೆ. ಕೆಂಪು ಮುಚ್ಚಳದ ಸಿರಿಂಜ್ ತೆಗೆದು ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ಗೆರೆಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ಕೇಳಿದರು: ‘ಈ ತೂಬು ಎಷ್ಟು ಹೊತ್ತಿಗೆ ಎತ್ತತದ ತಮ್ಮಾ? ಊಟಕ್ಕ ಎಷ್ಟು ಮೊದ್ಲು?’